ಐಡಿ ಬ್ಲಾಕ್ ಆದರೆ ನಾಳೆ ಎಂತ ಮಾಡುವುದು? ಮಂಗಳೂರು, ಉಡುಪಿಯ ರೈಡರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷದಿಂದ ಮಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತಿದ್ದೇನೆ. ಡೆಲಿವರಿ ಆ್ಯಪ್‌ನಲ್ಲಿರುವ ನಮ್ಮ ಖಾತೆಗೆ ನಾವು ಐಡಿ ಎನ್ನುವುದು, ಅದು ಬ್ಲಾಕ್ ಆದರೆ ಕೆಲಸ ಇಲ್ಲ. ನಡುವೆ ಏಳೆಂಟು ತಿಂಗಳು ಮಣಿಪಾಲದಲ್ಲೂ ಓಡಿಸಿದ್ದೇನೆ. ಬೆಂದೂರ್‌ವೆಲ್‌ನಲ್ಲಿ ಪಾರ್ಸೆಲ್‌ಗೆ ಕಾಯುತ್ತಾ ನಿಂತಾಗ ಹೊಸ ಹುಡುಗರು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳು. ಹೇಳಲು ಶುರು ಮಾಡಿದರೆ ಅಷ್ಟರಲ್ಲಿ ಯಾರದ್ದಾದರೂ ಪಾರ್ಸೆಲ್ ಬರುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾನು ವಕೀಲ ಅಲ್ಲ, ಇದನ್ನು ಕೋರ್ಟಿಗೆ ಹಿಡಿದುಕೊಂಡು ಹೋಗಬೇಡಿ ಮಾರಾಯ್ರೇ.

ನಾವು ಕಂಪೆನಿಯ ನೌಕರರಾ, ಅಲ್ವಾ?

ಅಲ್ಲ. ಸೇರುವಾಗ ಫೋನಿನಲ್ಲಿ "ಒಪ್ಪಿಗೆ" ಎಂದು ಒತ್ತಿದಿರಲ್ಲ, ಅದರಲ್ಲಿ ನಿಮ್ಮನ್ನು "ಪಾರ್ಟ್ನರ್" ಎಂದು ಕರೆದಿರುತ್ತಾರೆ. ಹೆಸರು ದೊಡ್ಡದು. ಆದರೆ ಪಾಲುದಾರರಿಗೆ ಲಾಭದಲ್ಲಿ ಪಾಲು ಇರಬೇಕು, ಅದು ಇಲ್ಲ. ನೌಕರರಿಗೆ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಸಂಬಳದ ರಜೆ ಇರಬೇಕು, ಅದೂ ಇಲ್ಲ. ಬೈಕು ನಮ್ಮದು, ಪೆಟ್ರೋಲು ನಮ್ಮದು, ಫೋನು ನಮ್ಮದು, ಬಿದ್ದರೆ ಮೊಣಕಾಲೂ ನಮ್ಮದೇ. ರೇಟು ಮಾತ್ರ ಅವರದ್ದು.

ನಾವು ಒಬ್ಬಿಬ್ಬರಲ್ಲ. ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿಯ ಅಂದಾಜಿನಲ್ಲಿ 2020-21ರ ಹೊತ್ತಿಗೇ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, ಅಂದರೆ ನಮ್ಮ ಹಾಗೆ ಸಂಬಳ ಇಲ್ಲದೆ ಒಂದೊಂದು ಕೆಲಸಕ್ಕೆ ಇಷ್ಟು ಎಂದು ದುಡಿಯುವವರು. 2029-30ಕ್ಕೆ ಅದು 2.35 ಕೋಟಿ ಆಗಬಹುದು ಎಂದೂ ಅದರಲ್ಲಿದೆ. ಇಂಗ್ಲೆಂಡಿನಲ್ಲಿ 2021ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಊಬರ್ ಚಾಲಕರು ಸ್ವಂತ ವ್ಯಾಪಾರ ಮಾಡುವವರಲ್ಲ, ಕೆಲಸಗಾರರೇ, ಅವರಿಗೆ ಕನಿಷ್ಠ ವೇತನ ಮತ್ತು ಸಂಬಳದ ರಜೆ ಕೊಡಬೇಕು ಎಂದಿತು. ನಮ್ಮಲ್ಲಿ ಅಷ್ಟು ಆಗಿಲ್ಲ. ಆದರೆ ಏನೂ ಆಗಿಲ್ಲ ಎಂದೂ ಅಲ್ಲ, ಮುಂದೆ ಹೇಳುತ್ತೇನೆ.

ನೀವು ಯಾವಾಗ ನೋಡಿದರೂ ಬೀಡಿ ಕಥೆ ಹೇಳುತ್ತೀರಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಸಂಬಂಧ ಉಂಟು. ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ನಮ್ಮ ಕರಾವಳಿಯಲ್ಲಿ ಬೀಡಿಯ ದುಡ್ಡಿನಲ್ಲಿ ಶಾಲೆಗೆ ಹೋಗದ ಮಕ್ಕಳು ಕಡಿಮೆ. ಮನೆಯ ಜಗಲಿಯಲ್ಲಿ ಸೂಪು (ಮೊರ) ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು, ಎಲೆ ಕತ್ತರಿಸುವುದು, ಕಟ್ಟುವುದು, ಸಂಜೆ ಬೀಡಿ ತೆಗೆದುಕೊಳ್ಳುವ ಕಂಪೆನಿಯ ಬ್ರಾಂಚಿಗೆ ಕೊಡುವುದು. ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ, ಜ್ವರ ಬಂದು ಮಲಗಿದರೆ ಸೊನ್ನೆ. ಬ್ರಾಂಚಿನವನು ಒಂದು ಕಟ್ಟು ಕೈಯಲ್ಲಿ ಹಿಡಿದು "ಇದು ಸರಿ ಇಲ್ಲ" ಎಂದು ಬದಿಗೆ ಹಾಕಿದರೆ ಮಾತು ಮುಗಿಯಿತು. ಈಗ ನಮಗೆ ಆರ್ಡರ್ ಲೆಕ್ಕ ಮತ್ತು ರೇಟಿಂಗ್. ಬೇರೆ ಎಂತ ವ್ಯತ್ಯಾಸ ಹೇಳಿ?

ಬೀಡಿ ಮಾಲೀಕರು ಕೂಡ ಅವತ್ತು ಇದನ್ನೇ ಹೇಳುತ್ತಿದ್ದರು. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ಕೆಲಸಗಾರರಲ್ಲ, ನಡುವೆ ಗುತ್ತಿಗೆದಾರ ಇದ್ದಾನೆ, ಅವರವರ ಇಷ್ಟದ ಹೊತ್ತಿಗೆ ಕಟ್ಟುತ್ತಾರೆ ಅಂತ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾನೂನು ಬಂತು. ಅದನ್ನು ಪ್ರಶ್ನಿಸಿದ ಕೇಸಿನಲ್ಲಿ ನಮ್ಮ ಮಂಗಳೂರು ಗಣೇಶ್ ಬೀಡಿಯವರ ಹೆಸರೇ ಮೊದಲಿಗೆ ಇದೆ. 1974ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. 1985ರಲ್ಲಿ ಅದೇ ಕೋರ್ಟು, ಇನ್ನೊಂದು ಕೇಸಿನಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಉಂಟು ಎಂದಿತು. ಅಮ್ಮನ ಪಿಎಫ್ ದುಡ್ಡಿನಲ್ಲೇ ನಮ್ಮ ಮನೆಗೆ ಹಂಚು ತೆಗೆದು ಸ್ಲ್ಯಾಬ್ ಹಾಕಿಸಿದ್ದು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಅಮ್ಮನ ಹತ್ತಿರ ಒಂದು ಪುಸ್ತಕ ಇತ್ತು. ನೀಲಿ ರಟ್ಟು, ಮೂಲೆಯೆಲ್ಲ ಸವೆದದ್ದು. ಇವತ್ತು ಎಲೆ ಎಷ್ಟು ಕೊಟ್ಟದ್ದು, ಹೊಗೆಸೊಪ್ಪು ಎಷ್ಟು, ಬೀಡಿ ಎಷ್ಟು ಬಂತು ಎಂದು ದಿನದಿನವೂ ಬರೆದದ್ದು. ಪಿಎಫ್ ವಿಷಯದಲ್ಲಿ ತಕರಾರು ಬಂದಾಗ ಕೆಲಸಕ್ಕೆ ಬಂದದ್ದು ಅದೇ ಪುಸ್ತಕ. ನನ್ನ ಫೋನಿನಲ್ಲಿ ಎಲ್ಲಾ ಲೆಕ್ಕ ಉಂಟು ಎಂದು ನಾನು ಜಂಬ ಕೊಚ್ಚುತ್ತಿದ್ದೆ, ಐಡಿ ಬ್ಲಾಕ್ ಆದ ದಿನ ಆ್ಯಪ್ ತೆರೆದರೆ ಎಂತದ್ದೂ ಇಲ್ಲ.

ಐಡಿ ಬ್ಲಾಕ್ ಆದರೆ ಮೊದಲು ಎಂತ ಮಾಡಬೇಕು?

ನನಗೆ ಆದದ್ದು ಹೇಳುತ್ತೇನೆ. ಕದ್ರಿ ಕಡೆಯ ಒಂದು ಅಪಾರ್ಟ್‌ಮೆಂಟ್. ಚಿಕನ್ ಘೀ ರೋಸ್ಟ್ ಮತ್ತು ನೀರುದೋಸೆ. ಗಿರಾಕಿ ಫೋನ್ ಎತ್ತಲಿಲ್ಲ, ಕೆಳಗೆ ವಾಚ್‌ಮನ್ ಹತ್ತಿರ ಕೊಡಿ ಎಂದು ಮೆಸೇಜ್ ಮಾತ್ರ ಬಂತು. ಕೊಟ್ಟೆ. ಅರ್ಧ ಗಂಟೆ ಬಿಟ್ಟು "ಊಟ ಬರಲೇ ಇಲ್ಲ" ಎಂದು ದೂರು. ಮರುದಿನ ಬೆಳಗ್ಗೆ ಲಾಗಿನ್ ಆಗಲು ನೋಡಿದರೆ ಹಸಿರು ಇರಬೇಕಾದ ಬಟನ್ ಬೂದಿ ಬಣ್ಣ. ಒತ್ತಿದರೆ ಕೆಳಗೆ ಒಂದು ಸಾಲು: ನಿಯಮ ಉಲ್ಲಂಘನೆ. ಯಾವ ನಿಯಮ, ಯಾವ ಆರ್ಡರ್, ಎಂತದ್ದೂ ಇಲ್ಲ. ಚಾಟ್‌ನಲ್ಲಿ ಬರೆದರೆ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಎಂದು ಉತ್ತರ. ಮೂರು ಸಲ ಬರೆದೆ, ಮೂರು ಸಲವೂ ಅದೇ ಸಾಲು. ಅರ್ಥ ಮಾಡಿಕೊಳ್ಳಲು ಆಚೆ ಮನುಷ್ಯರೇ ಇರಲಿಲ್ಲ. ಅಮ್ಮ ತುಳುವಿನಲ್ಲಿ ಕೇಳಿದರು, "ನಿನ್ನ ಬ್ರಾಂಚಿನವನು ಯಾರು ಮಗಾ? ಹೋಗಿ ಮಾತಾಡಿ ಬಾ" ಎಂದು. ಯಾರು ಎಂದು ಹೇಳುವುದು!

ಒಂಬತ್ತು ದಿನ ಹಾಗೆಯೇ ಹೋಯಿತು. ನನ್ನನ್ನು ಉಳಿಸಿದ್ದು ಒಂದು ಫೋಟೋ. ಪಾರ್ಸೆಲ್, ವಾಚ್‌ಮನ್ನಿನ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಹಿಂದೆ ಬಿಲ್ಡಿಂಗಿನ ಹೆಸರು. ಅದನ್ನು ಕಳಿಸಿದ ಮೇಲೆ ಒಂದು ಮಧ್ಯಾಹ್ನ ಬಟನ್ ತನ್ನಷ್ಟಕ್ಕೆ ಹಸಿರಾಯಿತು. ಕ್ಷಮೆ ಇಲ್ಲ, ಕಾರಣ ಇಲ್ಲ, ಒಂಬತ್ತು ದಿನದ ದುಡ್ಡಂತೂ ಇಲ್ಲವೇ ಇಲ್ಲ.

ಹಾಗಾಗಿ: ಬ್ಲಾಕ್ ಎಂದು ಕಂಡ ಕೂಡಲೇ ಆ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನ ಮತ್ತು ಹೊತ್ತು ಕಾಣುವ ಹಾಗೆ. ಆ್ಯಪ್ ಅಳಿಸಿ ಪುನಃ ಹಾಕಬೇಡಿ, ಇದ್ದ ಚಾಟ್ ಕೂಡ ಹೋಗಬಹುದು. ಚಾಟ್‌ನಲ್ಲಿ ಬೈದರೆ ಅದೇ ಹೊಸ ಕಾರಣ ಆಗುತ್ತದೆ, ಸಿಟ್ಟು ಬಂದರೆ ಪಣಂಬೂರು ಬೀಚಿಗೆ ಹೋಗಿ ಕಿರುಚಿ ಬನ್ನಿ. ಕಾರಣ ಬರಹದಲ್ಲಿ ಕೊಡಿ ಎಂದು ಕೇಳಿ, ಇಮೇಲ್‌ನಲ್ಲಿ ಕೇಳಿ. ಈಗ ಅದು ಬರೀ ಬೇಡಿಕೆ ಅಲ್ಲ, ನಮ್ಮ ಹಕ್ಕು.

ಹಕ್ಕಾ? ಯಾವ ಕಾನೂನು?

ಕರ್ನಾಟಕ ಸರ್ಕಾರ 2025ರ ಮೇ ತಿಂಗಳಲ್ಲಿ ಗಿಗ್ ಕಾರ್ಮಿಕರಿಗಾಗಿ ಸುಗ್ರೀವಾಜ್ಞೆ ತಂದಿತು. ಆಗಸ್ಟ್‌ನಲ್ಲಿ ವಿಧಾನಮಂಡಲ ಮಸೂದೆ ಪಾಸು ಮಾಡಿ ಅದೇ ವರ್ಷ ಕಾನೂನಾಯಿತು. ಇದಕ್ಕೂ ಮೊದಲು 2023ರಲ್ಲಿ ರಾಜಸ್ಥಾನ ಇಂಥ ಕಾನೂನು ಮಾಡಿತ್ತು, ದೇಶದಲ್ಲಿ ಅದೇ ಮೊದಲನೆಯದು.

ನಮಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ನಿಮ್ಮನ್ನು ತೆಗೆಯಬೇಕಾದರೆ ಸರಿಯಾದ ಕಾರಣವನ್ನು ಬರಹದಲ್ಲಿ ಕೊಟ್ಟು 14 ದಿನ ಮೊದಲು ನೋಟಿಸ್ ಕೊಡಬೇಕು. ಒಪ್ಪಂದದ ಷರತ್ತು ಬದಲಾಯಿಸುವಾಗಲೂ 14 ದಿನ ಮೊದಲೇ ಹೇಳಬೇಕು. ದುಡ್ಡು ಕಡಿತ ಮಾಡಿದರೆ ಯಾಕೆ ಎಂದು ತೋರಿಸಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಹೇಳಬೇಕು. ದೂರು ಕೇಳಲು ಕಂಪೆನಿಯೊಳಗೇ ಒಂದು ಸಮಿತಿ ಇರಬೇಕು. ಮಾತಾಡಲು ಒಬ್ಬ ಮನುಷ್ಯ ಸಿಗಬೇಕು, ಅದೂ ನಮಗೆ ಬರುವ ಭಾಷೆಯಲ್ಲಿ. ಅಮ್ಮ ಕೇಳಿದ ಬ್ರಾಂಚಿನವನು ಅಂತೂ ಕಾಗದದ ಮೇಲೆ ಬಂದ.

ಒಂದು ಮಾತು ಹೇಳದೆ ಇರಲು ಆಗುವುದಿಲ್ಲ. 1966ರ ಬೀಡಿ ಕಾನೂನಿನಲ್ಲಿ ಆರು ತಿಂಗಳು ದುಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಕೂಲಿ ಕೊಡಬೇಕು ಎಂದಿತ್ತು. ನಮಗೆ ಅರುವತ್ತು ವರ್ಷ ಆದ ಮೇಲೆ ಸಿಕ್ಕಿದ್ದು 14 ದಿನ. ನಾನು ಬೇಡ ಎನ್ನುವುದಿಲ್ಲ. ಆದರೆ ಖುಷಿಯಲ್ಲಿ ಪಟಾಕಿ ಹೊಡೆಯುವುದೂ ಇಲ್ಲ.

ಕ್ಷೇಮಾಭಿವೃದ್ಧಿ ಶುಲ್ಕ ಅಂತ ಒಂದು ಉಂಟಲ್ಲ, ಅದು ನಮ್ಮ ದುಡ್ಡಿನಿಂದ ಕಟ್ ಆಗುತ್ತದಾ?

ಕಟ್ಟಬೇಕಾದ್ದು ಕಂಪೆನಿ. ಪ್ರತಿ ಕೆಲಸಕ್ಕೆ ನಮಗೆ ಸಿಗುವ ಮೊತ್ತದ ಮೇಲೆ ಶೇಕಡಾ 1ರಿಂದ 5ರ ನಡುವೆ ಎಂದು ಕಾನೂನಿನಲ್ಲಿದೆ. ಅದು ಕ್ಷೇಮಾಭಿವೃದ್ಧಿ ಮಂಡಳಿಯ ನಿಧಿಗೆ ಹೋಗುತ್ತದೆ. ನಿಮ್ಮ ಪೇ-ಔಟ್‌ನಲ್ಲಿ ಆ ಹೆಸರಿನ ಕಡಿತ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಇಡಿ.

ಕೇಂದ್ರದ್ದು ಬೇರೆ ಉಂಟಂತೆ?

ಉಂಟು. ಸಾಮಾಜಿಕ ಭದ್ರತಾ ಸಂಹಿತೆ, 2020. ಐದು ವರ್ಷ ಕಪಾಟಿನಲ್ಲೇ ಮಲಗಿದ್ದು 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಕಂಪೆನಿಗಳು ವರ್ಷದ ವಹಿವಾಟಿನ ಶೇಕಡಾ 1ರಿಂದ 2ರಷ್ಟನ್ನು ನಮ್ಮ ಭದ್ರತೆಗೆ ಕೊಡಬೇಕು, ನಮಗೆ ಕೊಡುವ ಮೊತ್ತದ ಶೇಕಡಾ 5 ಅದಕ್ಕೆ ಮಿತಿ. 2025ರ ಡಿಸೆಂಬರ್ ಕೊನೆಗೆ ಬಂದ ಕರಡು ನಿಯಮದಲ್ಲಿ ಇನ್ನೊಂದು ವಿಷಯ ಇತ್ತು: ಸೌಲಭ್ಯಕ್ಕೆ ಒಂದೇ ಕಂಪೆನಿಯಲ್ಲಾದರೆ ವರ್ಷಕ್ಕೆ 90 ದಿನ, ಬೇರೆ ಬೇರೆ ಕಂಪೆನಿಗಳಲ್ಲಾದರೆ 120 ದಿನ ಕೆಲಸ ಮಾಡಿರಬೇಕು. ಅಂದರೆ ದಿನದ ಲೆಕ್ಕ. ಪುನಃ ಅಮ್ಮನ ಪುಸ್ತಕಕ್ಕೇ ಬಂದೆವು ನೋಡಿ.

ಇ-ಶ್ರಮ್ ಎಂಬ ಕೇಂದ್ರ ಸರ್ಕಾರದ ಕಾರ್ಮಿಕರ ಪಟ್ಟಿಯಲ್ಲಿ ನೋಂದಣಿ ಮಾಡಿಸಿಲ್ಲದಿದ್ದರೆ ಇವತ್ತೇ ಮಾಡಿಸಿ. ದುಡ್ಡು ಕೊಡಬೇಕಿಲ್ಲ. ಆಧಾರ್, ಆಧಾರಿಗೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ಇದ್ದರೆ ಸಾಕು. ಸಹಾಯವಾಣಿ 14434. ಮುಂದಿನ ಎಲ್ಲಾ ಬಾಗಿಲಿಗೂ ಇದೇ ಬೀಗದ ಕೈ.

ನಿಜ ಹೇಳಿ, ದಿನಕ್ಕೆ ಕೈಯಲ್ಲಿ ಎಷ್ಟು ಉಳಿಯುತ್ತದೆ?

ಜಾಹೀರಾತಿನಲ್ಲಿ ತಿಂಗಳಿಗೆ ಎಷ್ಟೋ ಸಾವಿರ ಎಂದು ಹಾಕುತ್ತಾರೆ. ಅದು ಬರುವ ದುಡ್ಡು, ಉಳಿಯುವ ದುಡ್ಡಲ್ಲ. ನನ್ನ ಪುಸ್ತಕದ ಒಂದು ಸಾಮಾನ್ಯ ದಿನ ಹೇಳುತ್ತೇನೆ. ಹನ್ನೊಂದು ಗಂಟೆ ಲಾಗಿನ್, 19 ಆರ್ಡರ್, 128 ಕಿಲೋಮೀಟರ್. ಆರ್ಡರಿನದ್ದು 790, ಇನ್ಸೆಂಟಿವ್ 150, ಒಟ್ಟು 940 ರೂಪಾಯಿ. ಪೆಟ್ರೋಲ್ 290. ಟಯರು, ಆಯಿಲ್, ಸರ್ವಿಸ್ ಎಂದು ಕಿಲೋಮೀಟರಿಗೆ ಒಂದು ರೂಪಾಯಿ ಬದಿಗೆ ಇಡುತ್ತೇನೆ, 128. ಚಹಾ, ಬನ್ಸ್, ಫೋನಿನ ಡೇಟಾ ಸೇರಿ 60. ಉಳಿದದ್ದು 462. ಗಂಟೆಗೆ 42 ರೂಪಾಯಿ.

ಆ 150 ಇನ್ಸೆಂಟಿವ್ ಬರಲು 18 ಆರ್ಡರ್ ಬೇಕು. 17 ಆಗಿ ನಿಂತ ದಿನಗಳು ನನ್ನ ಪುಸ್ತಕದಲ್ಲಿ ಎಷ್ಟು ಉಂಟೋ! ರಾತ್ರಿ ಹತ್ತೂವರೆಗೆ ಜ್ಯೋತಿ ಸರ್ಕಲ್‌ನಲ್ಲಿ ನಿಂತು, ಒಂದೇ ಒಂದು ಆರ್ಡರ್ ಬರಲಿ ದೇವರೇ ಎಂದು ಫೋನನ್ನೇ ನೋಡುತ್ತಾ ಇರುವುದು. ಬರುವುದಿಲ್ಲ. ಬೇಕೆಂದೇ ಕೊಡುವುದಿಲ್ಲ ಎಂದು ಹುಡುಗರು ಹೇಳುತ್ತಾರೆ. ನನಗೂ ಹಾಗೆ ಅನ್ನಿಸುತ್ತದೆ, ಆದರೆ ತೋರಿಸಲು ನನ್ನ ಹತ್ತಿರ ಸಾಕ್ಷಿ ಇಲ್ಲ.

ಮಣಿಪಾಲದಲ್ಲಿ ಓಡಿಸಿದರೆ ಒಳ್ಳೆಯದಂತೆ, ಹೌದಾ?

ಕಾಲೇಜು ಇದ್ದಾಗ ಹೌದು. ಈಶ್ವರನಗರ, ಟೈಗರ್ ಸರ್ಕಲ್ ಸುತ್ತ ಎರಡು ಕಿಲೋಮೀಟರಿನೊಳಗೇ ಆರ್ಡರ್ ಮೇಲೆ ಆರ್ಡರ್, ರಾತ್ರಿ ಕೂಡ. ಸೆಮಿಸ್ಟರ್ ಮುಗಿದು ಮಕ್ಕಳು ಟ್ರಾಲಿ ಎಳೆದುಕೊಂಡು ಹೋದರೆ ಊರು ಖಾಲಿ. ಆಗ ಇಂದ್ರಾಳಿ ದಾಟಿ ಉಡುಪಿ ಪೇಟೆಗೆ ಇಳಿಯಬೇಕು, ಅಲ್ಲಿ ಮೊದಲೇ ಇದ್ದ ರೈಡರುಗಳ ಮುಖ ಸಣ್ಣದಾಗುತ್ತದೆ. ಸುರತ್ಕಲ್, ದೇರಳಕಟ್ಟೆಯಲ್ಲೂ ಇದೇ ಕಥೆ. ಕರಾವಳಿಯಲ್ಲಿ ನಮ್ಮ ಹೊಟ್ಟೆ ನಡೆಯುವುದು ಕಾಲೇಜಿನ ಕ್ಯಾಲೆಂಡರ್ ಮೇಲೆ. ಬೈಕಿನ ಇಎಂಐ ಹಾಕುವ ಮೊದಲು ಆ ಕ್ಯಾಲೆಂಡರ್ ನೋಡಿ.

ಜೋರು ಮಳೆಗೆ ಲಾಗಿನ್ ಆಗದಿದ್ದರೆ ತೊಂದರೆ ಉಂಟಾ?

ನಮ್ಮ ಮಳೆ ಬೆಂಗಳೂರಿನ ಮಳೆ ಅಲ್ಲ, ಜೂನ್‌ನಲ್ಲಿ ಕೂತರೆ ಸೆಪ್ಟೆಂಬರ್‌ನಲ್ಲಿ ಏಳುತ್ತದೆ. ಮಳೆ ಬಂದಾಗ ಆರ್ಡರಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಡುತ್ತಾರೆ, ಅದಕ್ಕಾಗಿಯೇ ಹುಡುಗರು ಹೊರಡುತ್ತಾರೆ. ಪಂಪ್‌ವೆಲ್‌ನಲ್ಲಿ ನೀರು ನಿಂತಾಗ ಗುಂಡಿ ಎಲ್ಲಿದೆ ಎಂದು ಆ್ಯಪ್‌ಗೆ ಗೊತ್ತಿಲ್ಲ. ಹೋಗದಿದ್ದರೆ ಮುಂದೆ ಸ್ಲಾಟ್ (ಕೆಲಸದ ಹೊತ್ತು) ಸಿಗುವುದು ಕಡಿಮೆಯಾಗಬಹುದು, ಸುಳ್ಳು ಹೇಳುವುದಿಲ್ಲ. ಸರಿಯಾದ ಕಾರಣಕ್ಕೆ ಕೆಲಸ ಬೇಡ ಎಂದರೆ ಶಿಕ್ಷೆ ಕೊಡಬಾರದು ಎಂಬ ಮಾತು ರಾಜ್ಯದ ಕಾನೂನಿನಲ್ಲಿ ಬಂದಿದೆ. ಅದು ರಸ್ತೆಗೆ ಇಳಿಯಲು ಎಷ್ಟು ಮಳೆಗಾಲ ಬೇಕೋ. ನಾನಂತೂ ರೆಡ್ ಅಲರ್ಟ್ ಇದ್ದ ದಿನ ಹೊರಡುವುದಿಲ್ಲ, ಆ ದಿನದ ಅಲರ್ಟಿನ ಸುದ್ದಿಯನ್ನೂ ಸ್ಕ್ರೀನ್‌ಶಾಟ್ ತೆಗೆದು ಇಡುತ್ತೇನೆ.

ಬಿದ್ದರೆ?

ಮೊದಲು 108ಕ್ಕೆ ಫೋನ್, ಕಂಪೆನಿಗಲ್ಲ. ನಗಬೇಡಿ, ಕಾಲು ಮುರಿದುಕೊಂಡು ರಸ್ತೆ ಬದಿಯಲ್ಲಿ ಕೂತು "ಆರ್ಡರ್ ಕ್ಯಾನ್ಸಲ್ ಮಾಡಿ" ಎಂದು ಚಾಟ್ ಮಾಡುತ್ತಿದ್ದವನನ್ನು ನಾನು ನಂತೂರಿನಲ್ಲಿ ಕಣ್ಣಾರೆ ಕಂಡಿದ್ದೇನೆ.

2025ರ ಮೇಯಿಂದ ಕೇಂದ್ರದ ಒಂದು ಯೋಜನೆ ಇದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆದರೂ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಕೈಯಿಂದ ಕೊಡದೆ ಚಿಕಿತ್ಸೆ. ಇದಕ್ಕೆ ಪೊಲೀಸರಿಗೆ ವಿಷಯ ತಿಳಿಸುವುದು ಮುಖ್ಯ, ಹಾಗಾಗಿ "ಕೇಸ್ ಎಲ್ಲ ಬೇಡ" ಎಂದು ಎದ್ದು ಹೋಗಬೇಡಿ. ರಾಜ್ಯದ ಗಿಗ್ ಕಾರ್ಮಿಕರ ವಿಮಾ ಯೋಜನೆ 2023ರಲ್ಲಿ ಬಂದದ್ದು: ಅಪಘಾತದಲ್ಲಿ ಸತ್ತರೆ 4 ಲಕ್ಷ, ಸಹಜ ಸಾವಿಗೆ 2 ಲಕ್ಷ, ಅಪಘಾತದ ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. 18ರಿಂದ 60 ವರ್ಷದವರಿಗೆ, ತೆರಿಗೆ ಕಟ್ಟದವರಿಗೆ, ಪಿಎಫ್, ಇಎಸ್‌ಐ ಇಲ್ಲದವರಿಗೆ. ನಾವು ಎಲ್ಲದಕ್ಕೂ ಪಾಸು. ಇದರ ಜೊತೆಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಮೇ ಕೊನೆಗೆ ಆ 20 ರೂಪಾಯಿ ಖಾತೆಯಿಂದ ಹೋಗುತ್ತದೆ. ನಮ್ಮ ಖಾತೆಯಲ್ಲಿ ಆ ಹೊತ್ತಿಗೆ 20 ರೂಪಾಯಿ ಇರುವುದಿಲ್ಲ, ಅದೇ ತಾಪತ್ರಯ. ನೋಡಿಕೊಳ್ಳಿ.

ಕಂಪೆನಿಯ ವಿಮೆಯೂ ಇರುತ್ತದೆ. ಹೆಚ್ಚಿನವು ಲಾಗಿನ್ ಇದ್ದಾಗ ಮಾತ್ರ. ಮನೆಗೆ ಹೋಗುವ ದಾರಿಯಲ್ಲಿ ಲಾಗ್ ಔಟ್ ಆಗಿ ಬಿದ್ದರೆ ಎಂತ ಎಂದು ಸೇರುವಾಗಲೇ ಕೇಳಿ.

ನಮ್ಮ ಬೈಕಿನ ವಿಮೆ ಸಾಕಾಗುವುದಿಲ್ವಾ?

ಬಿಳಿ ಬೋರ್ಡಿನ ಬೈಕಿಗೆ ತೆಗೆದ ವಿಮೆ ಸ್ವಂತ ಉಪಯೋಗಕ್ಕೆ. ಬಾಡಿಗೆಗೆ ದುಡಿಸುವಾಗ ಬಿದ್ದರೆ ಕ್ಲೇಮಿಗೆ ತಕರಾರು ಬರಬಹುದು. ನವೀಕರಿಸುವಾಗ ಏಜೆಂಟ್ ಹತ್ತಿರ ಬಾಯಿ ಬಿಟ್ಟು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಅಣ್ಣನ ಐಡಿಯಲ್ಲಿ ಓಡಿಸಬಹುದಾ?

ಬೇಡ. ಬಿದ್ದರೆ ವಿಮೆ ಅಣ್ಣನ ಹೆಸರಿನಲ್ಲಿ, ಕಾಲು ನಿಮ್ಮದು.

ಒಂದೇ ಆ್ಯಪ್ ನಂಬಿಕೊಂಡು ಇರುವುದಾ, ಎರಡು ಇಟ್ಟುಕೊಳ್ಳುವುದಾ?

ಎರಡು. ಆದರೆ ಒಂದೇ ಹೊತ್ತಿಗೆ ಎರಡರಲ್ಲೂ ಆರ್ಡರ್ ಹಿಡಿದು ಕುಣಿಯಬೇಡಿ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರಲಿ ಎಂದಷ್ಟೇ. 2025ರ ಜೂನ್ 16ಕ್ಕೆ ಹೈಕೋರ್ಟ್ ಆದೇಶದ ಮೇಲೆ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಏನಾಯಿತು? ನಿನ್ನೆ ತನಕ ಓಡಿಸಿದವರಿಗೆ ಇವತ್ತು ಕೆಲಸ ಇಲ್ಲ. ಆಮೇಲೆ ಕೋರ್ಟಿನಲ್ಲಿ ಏನೇ ತಿರುವು ಬರಲಿ, ಆ ತಿಂಗಳ ಮನೆ ಬಾಡಿಗೆ ಕಾಯುವುದಿಲ್ಲ. ಬೇರೆ ಆ್ಯಪ್ ಇದ್ದವರು ಮರುದಿನ ಪಾರ್ಸೆಲ್ ಹಿಡಿದರು.

ಬ್ಯಾಂಕಿನವರು ಸಾಲಕ್ಕೆ ಸಂಬಳದ ಚೀಟಿ ಕೇಳುತ್ತಾರೆ. ಎಲ್ಲಿಂದ ತರುವುದು?

ಸಂಬಳದ ಚೀಟಿ ನಮಗಿಲ್ಲ. ಆದಾಯ ತೆರಿಗೆ ರಿಟರ್ನ್ ಹಾಕಿ. ತೆರಿಗೆ ಕಟ್ಟುವಷ್ಟು ದುಡ್ಡು ನಮಗೆಲ್ಲಿ ಎಂದು ಎಲ್ಲರೂ ನಗುತ್ತಾರೆ, ಆದರೆ ರಿಟರ್ನ್ ಹಾಕುವುದೆಂದರೆ ತೆರಿಗೆ ಕಟ್ಟುವುದು ಎಂದಲ್ಲ. ಕಂಪೆನಿಯವರು ನಿಮ್ಮ ದುಡ್ಡಿನಲ್ಲಿ ಟಿಡಿಎಸ್ (ಕೈಗೆ ಕೊಡುವ ಮೊದಲೇ ಮುರಿಯುವ ತೆರಿಗೆ) ಹಿಡಿದಿದ್ದರೆ ರಿಟರ್ನ್ ಹಾಕಿದರೆ ಮಾತ್ರ ಅದು ವಾಪಸ್. ನನಗೆ ಹೋದ ವರ್ಷ ಎರಡು ಸಾವಿರ ಚಿಲ್ಲರೆ ಬಂತು, ಅದರಲ್ಲಿ ಹಿಂದಿನ ಟಯರು ಹಾಕಿಸಿದೆ. ಎರಡು ಮೂರು ವರ್ಷದ ರಿಟರ್ನ್ ಇದ್ದರೆ ಬ್ಯಾಂಕ್ ಮ್ಯಾನೇಜರ್ ಕುರ್ಚಿಯನ್ನಾದರೂ ತೋರಿಸುತ್ತಾರೆ.

ಒಟ್ಟಾಗಿ ಕೇಳಿದರೆ ಏನಾದರೂ ಆಗುತ್ತದಾ? ಸೀದಾ ಬ್ಲಾಕ್ ಮಾಡುತ್ತಾರಲ್ಲ?

ಹೆದರಿಕೆ ಸುಳ್ಳಲ್ಲ. 2025ರ ಡಿಸೆಂಬರ್ 31ಕ್ಕೆ ದೇಶದ ಹಲವು ಕಡೆ ರೈಡರುಗಳು ಲಾಗಿನ್ ಆಗದೆ ಮುಷ್ಕರ ಮಾಡಿದರು, ಹೊಸ ವರ್ಷದ ರಾತ್ರಿ ಆರ್ಡರ್ ಜಾಸ್ತಿ ಇರುವಾಗಲೇ. ಹತ್ತು ನಿಮಿಷದ ಡೆಲಿವರಿ ನಿಲ್ಲಿಸಿ ಎಂಬುದೂ ಅವರ ಬೇಡಿಕೆಯಲ್ಲಿತ್ತು. ಮರು ತಿಂಗಳೇ, ಕೇಂದ್ರದ ಕಾರ್ಮಿಕ ಸಚಿವರು ಕಂಪೆನಿಗಳ ಜೊತೆ ಮಾತಾಡಿದ ಮೇಲೆ, ಆ "10 ನಿಮಿಷ" ಎಂಬ ಮಾತು ಜಾಹೀರಾತಿನಿಂದ ಇಳಿಯತೊಡಗಿತು. ನಮ್ಮ ಊರಿನಲ್ಲಿ ನಾವು ಕಷ್ಟದಲ್ಲಿ ಸೇರುತ್ತೇವೆ, ಒಬ್ಬ ಕಂಕನಾಡಿ, ಒಬ್ಬ ಕೊಟ್ಟಾರ, ಹೋಟೆಲ್ ಎದುರು ಐದು ನಿಮಿಷ ಸಿಕ್ಕಿದರೆ ಅದೇ ಸಭೆ. ಬೀಡಿಯವರಿಗೆ ದಿನಾ ಸಂಜೆ ಸೇರಲು ಬ್ರಾಂಚ್ ಎಂಬ ಜಾಗ ಇತ್ತು. ಅವರ ಸಂಘ ಗಟ್ಟಿಯಾದದ್ದು ಆ ಸಾಲಿನಲ್ಲಿ ನಿಂತೇ ಎಂದು ಅಮ್ಮ ಹೇಳುತ್ತಾರೆ.

ಇದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಒಳ್ಳೆಯದಾ?

ಅದು ನಿಮಗೆ ಬಿಟ್ಟದ್ದು. ಕಾಲೇಜಿಗೆ ಹೋಗುತ್ತಾ ಸಂಜೆ ನಾಲ್ಕು ಗಂಟೆ ಓಡಿಸುವವನಿಗೆ ಇದಕ್ಕಿಂತ ಸಲೀಸಾದ ಕೆಲಸ ಇಲ್ಲ. ಮನೆಯಲ್ಲಿ ಎರಡು ಮಕ್ಕಳಿದ್ದು ಇದೊಂದೇ ಆದಾಯ ಎಂದರೆ, ಒಂದು ತಿಂಗಳ ಖರ್ಚಾದರೂ ಬದಿಗೆ ಇಡದೆ ಇದನ್ನೇ ನಂಬಬೇಡಿ. ನಾನು ಯಾಕೆ ಬಿಟ್ಟಿಲ್ಲ ಎಂದು ಕೇಳಬೇಡಿ. ಐಟಿಐ ಮುಗಿಸಿ ಬೈಕಂಪಾಡಿಯಲ್ಲಿ ಸಿಕ್ಕಿದ ಕೆಲಸ ಕೂಡ ಗುತ್ತಿಗೆಯದ್ದೇ ಆಗಿತ್ತು.

ಪುಸ್ತಕ ಬರೆಯಬೇಕು ಎಂದಿರಿ. ಎಂತ ಬರೆಯಬೇಕು?

ತಾರೀಕು, ಲಾಗಿನ್ ಆದ ಹೊತ್ತು, ಲಾಗ್ ಔಟ್ ಆದ ಹೊತ್ತು, ಎಷ್ಟು ಆರ್ಡರ್, ಎಷ್ಟು ಕಿಲೋಮೀಟರ್, ಎಷ್ಟು ಬಂತು, ಎಷ್ಟು ಕಟ್ ಆಯಿತು, ಗಲಾಟೆ ಏನಾದರೂ ಆಗಿದ್ದರೆ ಒಂದು ಸಾಲು. ದಿನಕ್ಕೆ ಎರಡು ನಿಮಿಷ. ಜೊತೆಗೆ ಪ್ರತಿ ಭಾನುವಾರ ಆ್ಯಪ್‌ನ ವಾರದ ಲೆಕ್ಕ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಇಮೇಲ್‌ಗೇ ಕಳಿಸಿಕೊಳ್ಳಿ. ಪುಸ್ತಕ ಯಾವುದಾದರೂ ಆಗುತ್ತದೆ, ಹತ್ತಿಪ್ಪತ್ತು ರೂಪಾಯಿಯ ಉದ್ದ ನೋಟ್ ಪುಸ್ತಕ ಸಾಕು. ಮಳೆಗಾಲದಲ್ಲಿ ಹಾಲಿನ ಪ್ಯಾಕೆಟ್ ತೊಳೆದು ಅದರೊಳಗೆ ಇಡಿ. ಜೆಲ್ ಪೆನ್ ಬೇಡ, ಒಂದು ಹನಿ ಬಿದ್ದರೆ ಪುಟ ಪೂರ್ತಿ ಹರಡುತ್ತದೆ, ನನ್ನ ಜುಲೈ ತಿಂಗಳು ಹೋದದ್ದೇ ಹಾಗೆ. ಬಾಲ್ ಪೆನ್ನಿನಲ್ಲಿ ಬರೆಯಿರಿ.